ಬಿದ್ದ ಮಳೆಯ ಲೆಕ್ಕ ಕೊಡುತ್ತೀರಿ, ಮೇಲೆ ಹೋದ ನೀರಿನ ಲೆಕ್ಕ ಎಲ್ಲಿ?

ಸಂಪಾದಕರಿಗೆ ನಮಸ್ಕಾರ,

ಮಳೆ ಜೋರಾದಾಗಲೆಲ್ಲ ನಿಮ್ಮ ಪತ್ರಿಕೆಯಲ್ಲಿ ಒಂದು ಸುದ್ದಿ ತಪ್ಪದೆ ಬರುತ್ತದೆ. ಇಷ್ಟು ನೀರು ಸಮುದ್ರದ ಪಾಲಾಯಿತು, ಸುಮ್ನೆ ಹರಿದುಹೋಯಿತು, ತಡೆದು ನಿಲ್ಲಿಸುವವರೇ ಇಲ್ಲ ಅಂತ. ಓದಿದವರು ಹೌದಲ್ಲ ಎಂದು ಹೊಟ್ಟೆ ಉರಿಸಿಕೊಳ್ಳುತ್ತಾರೆ. ಹರಿದುಹೋದ ನೀರಿನ ಬಗ್ಗೆ ಬರೆಯಬೇಡಿ ಅಂತ ನಾನು ಹೇಳುವುದಿಲ್ಲ. ಆದರೆ ಅದಕ್ಕಿಂತ ಜಾಸ್ತಿ ನೀರು ಇನ್ನೊಂದು ದಾರಿಯಲ್ಲಿ ಹೋಗಿರುತ್ತದೆ, ಅದರ ಬಗ್ಗೆ ಒಂದು ಸಾಲೂ ಬರುವುದಿಲ್ಲ. ಅದು ಹೋಗುವುದು ಮೇಲಕ್ಕೆ, ಆವಿಯಾಗಿ. ಸದ್ದಿಲ್ಲ, ಪ್ರವಾಹ ಇಲ್ಲ, ಫೋಟೊ ತೆಗೆಯಲು ಏನೂ ಸಿಗುವುದಿಲ್ಲ. ಅದಕ್ಕೇ ಸುದ್ದಿಯಾಗುವುದಿಲ್ಲವೇನೋ.

ದೊಡ್ಡ ಲೆಕ್ಕ ಮೊದಲು ಹೇಳಿಬಿಡುತ್ತೇನೆ. ಇಡೀ ಭೂಮಿಯ ನೆಲದ ಮೇಲೆ ವರ್ಷಕ್ಕೆ ಬೀಳುವ ಮಳೆ, ಹಿಮ ಎಲ್ಲ ಸೇರಿಸಿದರೆ ಸುಮಾರು 1,10,000 ಘನ ಕಿಲೋಮೀಟರ್ ನೀರು. ಅದರಲ್ಲಿ ನದಿಗಳಲ್ಲಿ ಹರಿದು, ನೆಲದೊಳಗಿನಿಂದ ಜಿನುಗಿ ಸಮುದ್ರ ಸೇರುವುದು ಸುಮಾರು 40,000. ಉಳಿದ 70,000 ಘನ ಕಿಲೋಮೀಟರ್ ಎಲ್ಲಿ ಹೋಯಿತು? ಮಣ್ಣಿನಿಂದ, ಕೆರೆಗಳಿಂದ, ಎಲ್ಲಕ್ಕಿಂತ ಜಾಸ್ತಿ ಗಿಡಮರಗಳ ಎಲೆಗಳಿಂದ ಆವಿಯಾಗಿ ಬಂದ ದಾರಿಗೇ ವಾಪಸ್ ಹೋಯಿತು. ಅಂದರೆ ನೆಲಕ್ಕೆ ಬಿದ್ದ ಮೂರು ಹನಿಯಲ್ಲಿ ಹೆಚ್ಚುಕಡಿಮೆ ಎರಡು ಹನಿ ಸಮುದ್ರದ ಮುಖವನ್ನೇ ನೋಡುವುದಿಲ್ಲ. ಇದು ಸರಾಸರಿ. ಒಣ ಪ್ರದೇಶಗಳಲ್ಲಿ ಹತ್ತಕ್ಕೆ ಒಂಬತ್ತು ಪಾಲು ಮೇಲೆ ಹೋಗುವುದೂ ಉಂಟು. ಸದಾ ಮೋಡ ಮುಸುಕಿದ ತಂಪು ಜಾಗಗಳಲ್ಲಿ ಅರ್ಧಕ್ಕಿಂತ ಕಡಿಮೆ. ಆದರೂ ನಮ್ಮ ಸುದ್ದಿಗಳಲ್ಲಿ ಕಳ್ಳ ಯಾವಾಗಲೂ ಸಮುದ್ರವೇ.

ಸಮುದ್ರದ ಪರವಾಗಿ ಒಂದು ಮಾತು. ತನ್ನ ಮೇಲೆ ಬೀಳುವ ಮಳೆಗಿಂತ ಸುಮಾರು 40,000 ಘನ ಕಿಲೋಮೀಟರ್‌ನಷ್ಟು ಹೆಚ್ಚು ನೀರನ್ನು ಅದು ಪ್ರತಿ ವರ್ಷ ಆವಿಯಾಗಿ ಬಿಟ್ಟುಕೊಡುತ್ತದೆ. ಆ ಆವಿ ಗಾಳಿಯ ಜೊತೆ ನೆಲದ ಕಡೆಗೆ ಬರುತ್ತದೆ. ನದಿಗಳು ಒಯ್ದು ಸುರಿಯುವುದು ಆ ಸಾಲದ ವಾಪಸಾತಿ. ಎರಡೂ ಸಂಖ್ಯೆ ಒಂದೇ ಇರುವುದು ಕಾಕತಾಳೀಯ ಅಲ್ಲ, ಇಲ್ಲದಿದ್ದರೆ ಸಮುದ್ರ ಮಟ್ಟ ನಿಂತಲ್ಲಿ ನಿಲ್ಲುತ್ತಲೇ ಇರಲಿಲ್ಲ.

ಈ ಲೆಕ್ಕ ಹಾಕುವುದು ಹೊಸ ಚಟವೇನಲ್ಲ. ಬಹಳ ಕಾಲ ಯುರೋಪಿನ ಪಂಡಿತರು ನದಿಗಳ ನೀರೆಲ್ಲ ಮಳೆಯಿಂದ ಬರಲು ಸಾಧ್ಯವೇ ಇಲ್ಲ, ಮಳೆ ಅಷ್ಟೊಂದು ಎಲ್ಲಿದೆ, ಸಮುದ್ರದ ನೀರೇ ನೆಲದಡಿಯ ಸುರಂಗಗಳಲ್ಲಿ ಬಂದು ಬೆಟ್ಟದ ಒರತೆಗಳಲ್ಲಿ ಉಕ್ಕುತ್ತದೆ ಎಂದು ನಂಬಿದ್ದರು. 1674ರಲ್ಲಿ ಪಿಯರ್ ಪೆರೋ ಎಂಬ ಫ್ರೆಂಚ್ ಮನುಷ್ಯ ಸೆನ್ ನದಿಯ ಮೇಲ್ಭಾಗದ ಜಲಾನಯನಕ್ಕೆ ಎಷ್ಟು ಮಳೆ ಬೀಳುತ್ತದೆ, ನದಿಯಲ್ಲಿ ಎಷ್ಟು ಹರಿಯುತ್ತದೆ ಎಂದು ಲೆಕ್ಕ ಹಾಕಿ ಪ್ರಕಟಿಸಿದ. ಮಳೆ ನದಿಯ ಹರಿವಿಗಿಂತ ಆರು ಪಟ್ಟು ಇತ್ತು! ಮಳೆ ಸಾಲದು ಅನ್ನುವ ವಾದ ಅಲ್ಲಿಗೆ ಬಿದ್ದುಹೋಯಿತು. ಹಾಗಾದರೆ ಉಳಿದ ಐದು ಪಾಲು ಎಲ್ಲಿ ಅನ್ನುವ ಪ್ರಶ್ನೆ ಎದ್ದಿತು. ಅದರಲ್ಲಿ ಒಂದು ತುದಿಯನ್ನು ಹಿಡಿದವನು ಎಡ್ಮಂಡ್ ಹ್ಯಾಲಿ, ಧೂಮಕೇತುವಿನ ಹ್ಯಾಲಿಯೇ. ಒಂದು ಬಟ್ಟಲಿನಲ್ಲಿ ಉಪ್ಪುನೀರು ಇಟ್ಟು, ಬೇಸಿಗೆಯ ಗಾಳಿಯಷ್ಟು ಬೆಚ್ಚಗೆ ಮಾಡಿ, ಎಷ್ಟು ತೂಕ ಕಡಿಮೆಯಾಯಿತು ಎಂದು ತಕ್ಕಡಿಯಲ್ಲಿ ನೋಡಿದ. ಅದನ್ನೇ ಮೆಡಿಟರೇನಿಯನ್ ಸಮುದ್ರದ ಅಗಲಕ್ಕೆ ಹಿಗ್ಗಿಸಿ, ಅದಕ್ಕೆ ಬಂದು ಸೇರುವ ನದಿಗಳ ನೀರಿಗಿಂತ ಮೇಲೆ ಹೋಗುವ ಆವಿಯೇ ಜಾಸ್ತಿ ಎಂದು 1687ರಲ್ಲಿ ತೋರಿಸಿದ. ಒಂದು ಬಟ್ಟಲು, ಒಂದು ತಕ್ಕಡಿ, ಅಷ್ಟೇ. ಇವತ್ತು ಆಕಾಶದಲ್ಲಿ ಉಪಗ್ರಹಗಳಿದ್ದರೂ ನಾವು ಆ ಬಟ್ಟಲಿನ ಸುದ್ದಿಯನ್ನೇ ಕೇಳುವುದಿಲ್ಲ.

ನೀರು ಮೇಲೆ ಹೋಗುವುದು ಪುಕ್ಕಟೆ ಕೆಲಸವಲ್ಲ. ಒಂದು ಲೀಟರ್ ನೀರನ್ನು 20 ಡಿಗ್ರಿಯಿಂದ ಕುದಿಯುವ ಹಂತಕ್ಕೆ ತರಲು ಎಷ್ಟು ಶಾಖ ಬೇಕೋ, ಅದರ ಏಳು ಪಟ್ಟು ಶಾಖ ಅದೇ 20 ಡಿಗ್ರಿಯಲ್ಲಿ ಅಷ್ಟನ್ನೂ ಆವಿ ಮಾಡಲು ಬೇಕು. 1,000 ವಾಟ್‌ನ ಹೀಟರ್ ಅನ್ನು 40 ನಿಮಿಷ ಉರಿಸಿದಷ್ಟು. ಬಿಸಿಲಿನ ದಿನ ಒಂದು ಚದರ ಮೀಟರ್ ಹಸಿರು ನೆಲದಿಂದ 5 ಲೀಟರ್ ನೀರು ಆರಾಮಾಗಿ ಮೇಲೆ ಹೋಗುತ್ತದೆ. ಒಂದು ಎಕರೆಗೆ ಲೆಕ್ಕ ಹಾಕಿದರೆ ದಿನಕ್ಕೆ ಸುಮಾರು 20,000 ಲೀಟರ್. ಒಂದು ದೊಡ್ಡ ಟ್ಯಾಂಕರ್ ನೀರು ಪ್ರತಿದಿನ ಒಂದೇ ಎಕರೆಯಿಂದ ಮಾಯ. ಬಿಸಿಲು ಆ ಕೆಲಸಕ್ಕೆ ಖರ್ಚಾಗುವುದರಿಂದಲೇ ಹಸಿರಿರುವ ಜಾಗ ತಂಪು. ನೀರಿಲ್ಲದ ನೆಲಕ್ಕೆ ಅದೇ ಬಿಸಿಲು ಬಿದ್ದರೆ ಖರ್ಚಾಗಲು ಬೇರೆ ದಾರಿಯಿಲ್ಲ, ನೆಲವೂ ಗಾಳಿಯೂ ಕಾಯುತ್ತವೆ. ಬರ ಬಂದ ವರ್ಷ ಬಿಸಿಲ ಝಳವೂ ಜಾಸ್ತಿ ಅನ್ನಿಸುವುದಕ್ಕೆ ಇದೂ ಒಂದು ಕಾರಣ. ಮಳೆ ಕೊರತೆ ಒಂದು ಪುಟದಲ್ಲಿ, ಬಿಸಿಗಾಳಿ ಇನ್ನೊಂದು ಪುಟದಲ್ಲಿ ಹಾಕುತ್ತೀರಿ. ಎರಡೂ ಒಂದೇ ಸುದ್ದಿ.

ಮೇಲೆ ಹೋದ ಆವಿ ಹಾಳಾಗಿಹೋಯಿತೇ? ಇಲ್ಲ. ಆದರೆ ಅಲ್ಲಿ ಅದು ಬಹಳ ದಿನ ನಿಲ್ಲುವುದೂ ಇಲ್ಲ. ಇಡೀ ವಾತಾವರಣದಲ್ಲಿರುವ ಆವಿಯನ್ನೆಲ್ಲ ಒಂದೇ ಸಲ ಕೆಳಗಿಳಿಸಿ ಭೂಮಿಯ ಮೇಲೆ ಸಮವಾಗಿ ಹರಡಿದರೆ ಸುಮಾರು 25 ಮಿ.ಮೀ. ಆಗುತ್ತದೆ, ಒಂದು ಅಂಗುಲ. ಭೂಮಿಯ ಮೇಲೆ ವರ್ಷಕ್ಕೆ ಸರಾಸರಿ ಸುಮಾರು 1,000 ಮಿ.ಮೀ. ಮಳೆ ಬೀಳುತ್ತದೆ. ಅಂದರೆ ಆ ಒಂದು ಅಂಗುಲ ದಾಸ್ತಾನು ವರ್ಷಕ್ಕೆ 40 ಸಲ ಖಾಲಿಯಾಗಿ 40 ಸಲ ತುಂಬಬೇಕು. ಒಂದು ನೀರಿನ ಕಣ ಗಾಳಿಯಲ್ಲಿ ಸರಾಸರಿ ಒಂಬತ್ತು ದಿನ ಇರುತ್ತದೆ, ಅಷ್ಟರಲ್ಲಿ ಸಾವಿರಾರು ಕಿಲೋಮೀಟರ್ ಹೋಗಿರಬಹುದು. ಮೋಡ ಕಂಡರೆ ಮಾತ್ರ ನೀರು ಇದೆ ಅಂದುಕೊಳ್ಳುತ್ತೇವೆ. ನಿಜ ಏನೆಂದರೆ 30 ಡಿಗ್ರಿ ಶಾಖದ, ಶೇಕಡ 60 ತೇವಾಂಶದ ನಿರ್ಮಲ ಗಾಳಿಯಲ್ಲಿ ಒಂದು ಘನ ಮೀಟರ್‌ಗೆ ಸುಮಾರು 18 ಗ್ರಾಂ ನೀರು ಆವಿಯಾಗಿ ಅಡಗಿದೆ. ಬಿಳಿ ಹತ್ತಿಯಂಥ ಮೋಡದಲ್ಲಿ ಕಣ್ಣಿಗೆ ಕಾಣುವ ಹನಿಗಳ ತೂಕ ಅದೇ ಒಂದು ಘನ ಮೀಟರ್‌ಗೆ ಅರ್ಧ ಗ್ರಾಂ ಆಸುಪಾಸು. ಆಕಾಶ ಖಾಲಿ ಕಂಡರೂ ಖಾಲಿಯಲ್ಲ.

ಆ ಆವಿ ಹನಿಯಾಗಬೇಕಾದರೆ ಗಾಳಿ ತಣ್ಣಗಾಗಬೇಕು. 30 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿಯಲ್ಲಿ ಹೆಚ್ಚೆಂದರೆ 30 ಗ್ರಾಂ ಆವಿ ಇರಬಹುದು, 10 ಡಿಗ್ರಿಗೆ ಇಳಿದರೆ 9 ಗ್ರಾಂ ಚಿಲ್ಲರೆ. ಉಳಿದದ್ದು ನೀರಾಗಲೇಬೇಕು. ಅದಕ್ಕೂ ಹಿಡಿದುಕೊಳ್ಳಲು ಒಂದು ಕಣ ಬೇಕು, ಸಮುದ್ರದ ಉಪ್ಪೋ, ಧೂಳೋ, ಹೊಗೆಯೋ. ಮೋಡದ ಹನಿ ಒಂದು ಮಿ.ಮೀ.ನ ಐವತ್ತನೇ ಒಂದು ಪಾಲಷ್ಟು ಸಣ್ಣದು. ಅಂಥ ಹತ್ತು ಲಕ್ಷ ಹನಿ ಸೇರಿದರೆ ಎರಡು ಮಿ.ಮೀ.ನ ಒಂದು ಮಳೆಹನಿ. ಅದೂ ಕೆಳಗೆ ಮುಟ್ಟುತ್ತದೆ ಅನ್ನುವ ಗ್ಯಾರಂಟಿ ಇಲ್ಲ. ದೂರದ ಮೋಡದಿಂದ ಬೂದು ಗೆರೆಗಳು ಇಳಿಬಿದ್ದು ಅರ್ಧಕ್ಕೇ ಮಾಯವಾಗುವುದನ್ನು ನೋಡಿರುತ್ತೀರಿ. ಅದು ಮಳೆಯೇ, ಕೆಳಗಿನ ಒಣ ಗಾಳಿಯಲ್ಲಿ ಮತ್ತೆ ಆವಿಯಾಗಿಹೋದ ಮಳೆ. ಮಳೆಮಾಪಕದಲ್ಲಿ ಅದು ಸೊನ್ನೆ.

ಇನ್ನು ನೆಲಕ್ಕೆ ಬಂದದ್ದರ ಕಥೆ. ನನಗೆ ಹೆಚ್ಚು ಹೇಳಬೇಕಾಗಿರುವುದು ಇಲ್ಲೇ.

ಮರಗಳಿದ್ದರೆ ಮೊದಲ ಪಾಲು ಎಲೆಗಳದ್ದು. ದಟ್ಟ ಕಾಡಿನ ಮೇಲೆ ಬಿದ್ದ ಮಳೆಯಲ್ಲಿ ಶೇಕಡ 10ರಿಂದ 40ರವರೆಗೂ ಎಲೆ, ಕೊಂಬೆಗಳನ್ನು ಒದ್ದೆ ಮಾಡಿ ಅಲ್ಲಿಂದಲೇ ವಾಪಸ್ ಆವಿಯಾಗಿಬಿಡುತ್ತದೆ, ಮಣ್ಣಿಗೆ ಮುಟ್ಟುವುದೇ ಇಲ್ಲ. ಮರ ಇಲ್ಲದ ಕಡೆ ಹನಿ ನೇರವಾಗಿ ಮಣ್ಣಿಗೆ ಹೊಡೆಯುತ್ತದೆ. ಹೊಡೆಯುತ್ತದೆ ಅಂತಲೇ ಹೇಳಬೇಕು. ಐದು ಮಿ.ಮೀ.ನ ದಪ್ಪ ಹನಿ ಸೆಕೆಂಡಿಗೆ ಒಂಬತ್ತು ಮೀಟರ್ ವೇಗದಲ್ಲಿ, ಅಂದರೆ ಗಂಟೆಗೆ 30 ಕಿಲೋಮೀಟರ್‌ಗೂ ಜಾಸ್ತಿ ವೇಗದಲ್ಲಿ ಬಂದು ಬೀಳುತ್ತದೆ. ಬಿದ್ದ ಜಾಗದಲ್ಲಿ ಒಂದು ಸಣ್ಣ ಗುಳಿ ಆಗುತ್ತದೆ, ಸುತ್ತ ಮಣ್ಣು ಕಿರೀಟದ ಹಾಗೆ ಎದ್ದು ಚಿಮ್ಮುತ್ತದೆ. ಬಿಳಿ ಗೋಡೆಯ ಬುಡವನ್ನು ಮಳೆ ನಿಂತ ಮೇಲೆ ನೋಡಿ, ಒಂದು ಮೊಳದ ಎತ್ತರಕ್ಕೂ ಕೆಸರಿನ ಚುಕ್ಕೆಗಳು ಹತ್ತಿರುತ್ತವೆ. ಗೋಡೆ ಬಿಡಿ, ಬಯಲಲ್ಲಿ ಏನಾಗುತ್ತದೆ ಅಂದರೆ ಹನಿಯ ಪೆಟ್ಟಿಗೆ ಮಣ್ಣಿನ ಹರಳು ಒಡೆದು ಹುಡಿಯಾಗುತ್ತದೆ, ಆ ನುಣ್ಣನೆ ಹುಡಿ ನೀರಿನ ಜೊತೆ ಹೋಗಿ ಮಣ್ಣಿನ ಸಂದುಗಳಲ್ಲಿ ಕೂತುಕೊಳ್ಳುತ್ತದೆ, ಸಂದು ಮುಚ್ಚಿಹೋಗುತ್ತದೆ. ಮಳೆ ಶುರುವಾಗಿ ಕೆಲವು ನಿಮಿಷಗಳಲ್ಲೇ ಮೇಲೆ ಕೆಲವೇ ಮಿ.ಮೀ. ದಪ್ಪದ ಒಂದು ಬಿಗಿ ಪದರ ಸಿದ್ಧ. ಒಣಗಿದ ಮೇಲೆ ಉಗುರಿನಿಂದ ಎಬ್ಬಿಸಿದರೆ ಹಪ್ಪಳದಂತೆ ಚಕ್ಕೆಚಕ್ಕೆಯಾಗಿ ಏಳುತ್ತದೆ, ಕೆಳಗಿನ ಮಣ್ಣು ಇನ್ನೂ ಪುಡಿಪುಡಿಯಾಗೇ ಇರುತ್ತದೆ. ಮಳೆಯೇ ಮಳೆಗೆ ಬಾಗಿಲು ಹಾಕಿಬಿಟ್ಟಿತು, ಅಲ್ವಾ? ಅದೇ ನೆಲದ ಮೇಲೆ ಒಣ ಎಲೆ, ಹುಲ್ಲು, ತರಗು ಏನಾದರೂ ಹರಡಿದ್ದರೆ ಪೆಟ್ಟು ಅದರ ಮೇಲೆ ಬೀಳುತ್ತದೆ, ನೀರು ಮೆಲ್ಲಗೆ ಕೆಳಗಿಳಿಯುತ್ತದೆ, ಎರೆಹುಳ ಕೊರೆದ ಬಿಲಗಳೂ ಸತ್ತ ಬೇರಿನ ಕೊಳವೆಗಳೂ ತೆರೆದೇ ಇರುತ್ತವೆ.

ಇದಕ್ಕೆ ಇನ್ನೊಂದು ಲೆಕ್ಕ ಸೇರಿಸಿ. ಮಣ್ಣು ನೀರು ಕುಡಿಯುವುದಕ್ಕೂ ಒಂದು ವೇಗದ ಮಿತಿ ಇದೆ. ಮರಳುಮಣ್ಣು ಗಂಟೆಗೆ 30 ಮಿ.ಮೀ.ಗಿಂತ ಜಾಸ್ತಿ ಇಂಗಿಸಿಕೊಳ್ಳಬಲ್ಲದು, ಜೇಡಿಮಣ್ಣು 1ರಿಂದ 5 ಮಿ.ಮೀ. ಅಷ್ಟೇ. ಬಿರುಕುಬಿಟ್ಟ ಜೇಡಿಮಣ್ಣಿನದು ಬೇರೆ ಕಥೆ, ಮೊದಲ ಮಳೆ ಬಿರುಕಿನೊಳಗೆ ದಬದಬ ಇಳಿಯುತ್ತದೆ, ಆಮೇಲೆ ಮಣ್ಣು ಉಬ್ಬಿ ಬಿರುಕು ಮುಚ್ಚಿಕೊಂಡು ಜಪ್ಪಯ್ಯ ಅಂದರೂ ಹೀರುವುದಿಲ್ಲ. ಮಳೆ ಮಣ್ಣಿನ ವೇಗ ಮೀರಿದರೆ ಮಿಕ್ಕಿದ್ದು ಮೇಲೆಯೇ ಹರಿಯುತ್ತದೆ, ಕೆಳಗಿನ ಮಣ್ಣು ಒಣಗಿದ್ದರೂ ಸರಿ. ಇದನ್ನು 1933ರಲ್ಲಿ ರಾಬರ್ಟ್ ಹಾರ್ಟನ್ ಎಂಬ ಅಮೆರಿಕದ ಎಂಜಿನಿಯರ್ ವಿವರಿಸಿದ. ಈಗ ನೀವು ಅಚ್ಚು ಹಾಕುವ ಮಳೆ ಪಟ್ಟಿಯನ್ನು ತೆಗೆದುಕೊಳ್ಳಿ. '50 ಮಿ.ಮೀ. ಮಳೆ' ಅಂತ ಇರುತ್ತದೆ. ಎಷ್ಟು ಹೊತ್ತಿನಲ್ಲಿ? ಒಂದು ಗಂಟೆಯಲ್ಲಿ ಸುರಿದ 50 ಮಿ.ಮೀ.ಗೂ ಹಗಲೂ ರಾತ್ರಿ ಜಿಟಿಜಿಟಿ ಹಿಡಿದ 50 ಮಿ.ಮೀ.ಗೂ ಹೋಲಿಕೆಯೇ ಇಲ್ಲ. ಮೊದಲನೆಯದು ಚರಂಡಿ ಸೇರಿತು, ಎರಡನೆಯದು ಮಣ್ಣು ಸೇರಿತು. ಪಟ್ಟಿಯಲ್ಲಿ ಮಾತ್ರ ಎರಡೂ ಒಂದೇ ಅಂಕಿ.

ಮಣ್ಣು ಸೇರಿದ್ದು ಅಂತರ್ಜಲ ಸೇರಿತು ಅಂತಲ್ಲ. ಇಲ್ಲೇ ಎಲ್ಲರೂ ಜಾರುವುದು. 'ಮೊದಲ ಮಳೆ ಚೆನ್ನಾಗಿ ಆಯಿತು, ಇನ್ನು ಬೋರ್‌ವೆಲ್‌ಗಳಿಗೆ ಜೀವ ಬರುತ್ತದೆ' ಅನ್ನುವ ಮಾತನ್ನು ಪತ್ರಿಕೆಗಳೂ ಬರೆಯುತ್ತವೆ, ಜನರೂ ಆಡುತ್ತಾರೆ. ತೊಳೆದು ಹಿಂಡದೆ ತಂತಿಗೆ ಹಾಕಿದ ಬಟ್ಟೆಯನ್ನು ನೋಡಿ. ಸ್ವಲ್ಪ ಹೊತ್ತು ನೀರು ತೊಟ್ಟಿಕ್ಕುತ್ತದೆ, ಆಮೇಲೆ ನಿಲ್ಲುತ್ತದೆ. ಬಟ್ಟೆ ಇನ್ನೂ ಚೆನ್ನಾಗಿ ಒದ್ದೆಯೇ ಇದೆ, ಆದರೆ ಒಂದು ತೊಟ್ಟೂ ಕೆಳಗೆ ಬೀಳುವುದಿಲ್ಲ. ಆ ಉಳಿದ ನೀರು ಹೋಗುವುದಿದ್ದರೆ ಗಾಳಿಗೆ ಮಾತ್ರ. ಮಣ್ಣೂ ಹಾಗೆಯೇ, ತನ್ನ ಕಣಗಳ ನಡುವೆ ಇಷ್ಟು ನೀರು ಅಂತ ಹಿಡಿದುಕೊಳ್ಳುತ್ತದೆ, ಆ ಪಾಲು ತುಂಬುವವರೆಗೆ ಕೆಳಕ್ಕೆ ಹೆಚ್ಚೇನೂ ಬಿಡುವುದಿಲ್ಲ. ಬೇಸಿಗೆಯಲ್ಲಿ ಒಂದು ಮೀಟರ್ ಆಳದವರೆಗೆ ಬತ್ತಿಹೋದ ಒಳ್ಳೆಯ ಮಣ್ಣಿಗೆ ಮತ್ತೆ ಹದ ಬರಲು 100 ಮಿ.ಮೀ.ಗಿಂತ ಜಾಸ್ತಿ ನೀರು ಬೇಕಾಗುತ್ತದೆ. ಆ ಮಧ್ಯೆ ಬೇರುಗಳು ಕುಡಿಯುತ್ತಲೇ ಇರುತ್ತವೆ, ಬಿಸಿಲು ಎಳೆಯುತ್ತಲೇ ಇರುತ್ತದೆ. ಇವೆಲ್ಲ ತಮ್ಮ ಪಾಲು ತೆಗೆದುಕೊಂಡ ಮೇಲೆ ಮಿಕ್ಕಿದ್ದು ಕೆಳಗಿಳಿಯುತ್ತದೆ. ಬಂಡೆಯ ಬಿರುಕು, ಮರಳಿನ ಹಾಸು, ಹಳ್ಳದ ತಳ ಇಂಥ ಕಡೆ ಅಡ್ಡದಾರಿಗಳು ಇರುತ್ತವೆ ನಿಜ, ಅಲ್ಲಿ ಬೇಗ ಇಳಿಯುತ್ತದೆ. ಉಳಿದೆಡೆ ಅಂತರ್ಜಲಕ್ಕೆ ಸಿಗುವುದು ಎಲ್ಲರ ಊಟವಾದ ಮೇಲಿನ ಶೇಷ.

ಆ ಶೇಷವೂ ಎಷ್ಟು ನಿಧಾನ ಅಂದರೆ, ಅದನ್ನು ಅಳೆಯಲು ಅಣುಬಾಂಬೇ ಬೇಕಾಯಿತು. ತಮಾಷೆಯಲ್ಲ. 1950ರ ದಶಕದಿಂದ ಗಾಳಿಯಲ್ಲಿ ನಡೆಸಿದ ಬಾಂಬ್ ಪರೀಕ್ಷೆಗಳಿಂದ ಟ್ರಿಟಿಯಂ ಎಂಬ ವಿಕಿರಣಶೀಲ ಹೈಡ್ರೋಜನ್ ಮಳೆನೀರಿನಲ್ಲಿ ಸೇರಿತು. 1963ರಲ್ಲಿ ಅದು ತುತ್ತತುದಿ ಮುಟ್ಟಿತು. ಅದೇ ವರ್ಷ ವಾತಾವರಣದಲ್ಲಿ ಪರೀಕ್ಷೆ ಮಾಡಬಾರದೆಂದು ಒಪ್ಪಂದವೂ ಆಯಿತು, ಆಮೇಲೆ ಇಳಿಯಿತು. ಹೀಗಾಗಿ 1963ರ ಮಳೆಗೆ ಒಂದು ಗುರುತು ಬಿದ್ದುಬಿಟ್ಟಿತು. ವಿಜ್ಞಾನಿಗಳು ಕೆಲವು ವರ್ಷಗಳ ನಂತರ ನೆಲ ಕೊರೆದು ಆ ಗುರುತು ಎಷ್ಟು ಆಳಕ್ಕೆ ಇಳಿದಿದೆ ಅಂತ ಹುಡುಕಿದರು. ಇಂಗ್ಲೆಂಡಿನ ಸುಣ್ಣದ ಬಂಡೆಗಳಲ್ಲಿ ಅದು ವರ್ಷಕ್ಕೆ ಬರೀ ಒಂದು ಮೀಟರ್‌ನಷ್ಟು ಇಳಿದಿತ್ತು. ನೆಲದ ಮೇಲ್ಮೈಯಿಂದ ಎರಡು ಕಿಲೋಮೀಟರ್ ಆಳದವರೆಗೆ ಇರುವ ಅಂತರ್ಜಲದಲ್ಲಿ 50 ವರ್ಷದೊಳಗೆ ಇಳಿದ ಹೊಸ ನೀರು ಶೇಕಡ 6ಕ್ಕಿಂತ ಕಡಿಮೆ ಎಂಬ ಅಂದಾಜಿದೆ. ಉಳಿದದ್ದೆಲ್ಲ ನಾವು ಹುಟ್ಟುವ ಮೊದಲಿನ ಮಳೆ, ಕೆಲವು ಕಡೆ ಸಾವಿರಾರು ವರ್ಷ ಹಿಂದಿನದು. ಅದನ್ನು ಎತ್ತಿ ಗದ್ದೆಗೆ ಹಾಯಿಸಿದರೆ ಕೆಲವೇ ದಿನದಲ್ಲಿ ಎಲೆಯ ಮೂಲಕ ಗಾಳಿಗೆ ಸೇರುತ್ತದೆ. ಇಳಿಯಲು ನೂರಾರು ವರ್ಷ, ಏರಲು ಒಂದು ವಾರ.

ಏರುವ ದಾರಿ ಎರಡು. ಒಂದು ಬರಿಯ ಮಣ್ಣಿನಿಂದ. ಮಳೆಯ ಮಾರನೇ ದಿನ ಬಿಸಿಲು ಬಂದರೆ ಮಣ್ಣು ಕೆರೆಯಷ್ಟೇ ಜೋರಾಗಿ ಆವಿ ಬಿಡುತ್ತದೆ. ಎರಡು ಮೂರು ದಿನದಲ್ಲಿ ಮೇಲಿನ ಒಂದೆರಡು ಅಂಗುಲ ಒಣಗಿ ಬಣ್ಣ ತಿಳಿಯಾಗುತ್ತದೆ. ಆಗ ಆ ಒಣ ಪದರವೇ ಅಡ್ಡ ಕೂತು ಕೆಳಗಿನ ತೇವವನ್ನು ಕಾಯುತ್ತದೆ, ಆವಿಯಾಗುವುದು ಗಕ್ಕನೆ ಕಡಿಮೆಯಾಗುತ್ತದೆ. ಹೀಗಾಗಿ ನಾಲ್ಕು ಸಲ ಬಿದ್ದ 5 ಮಿ.ಮೀ. ಮಳೆಗಿಂತ ಒಂದೇ ಸಲ ಮೆಲ್ಲಗೆ ಬಿದ್ದ 20 ಮಿ.ಮೀ. ಎಷ್ಟೋ ವಾಸಿ. ಸಣ್ಣ ಮಳೆಗಳು ಮೇಲ್ಪದರವನ್ನು ಮತ್ತೆ ಮತ್ತೆ ಒದ್ದೆ ಮಾಡಿ ಮತ್ತೆ ಮತ್ತೆ ಗಾಳಿಗೆ ಕೊಟ್ಟುಬಿಡುತ್ತವೆ. ಅಂತರ್ಜಲ ತೀರಾ ಮೇಲೆ ಇದ್ದರೆ ಇನ್ನೊಂದು ಪೀಡೆ. ಮಣ್ಣಿನ ಸಣ್ಣ ಸಂದುಗಳಲ್ಲಿ ನೀರು ತಾನಾಗೇ ಮೇಲೇರಿ ಬಂದು ಆವಿಯಾಗುತ್ತದೆ, ಅದರಲ್ಲಿ ಕರಗಿದ್ದ ಉಪ್ಪು ಹೋಗುವುದಿಲ್ಲ, ಅಲ್ಲೇ ಉಳಿಯುತ್ತದೆ. ಕಾಲುವೆ ನೀರು ಹಾಯಿಸಿ ಬಸಿಗಾಲುವೆ ಮರೆತ ಕಡೆ ನೆಲ ಬೆಳ್ಳಗಾಗಿ ಸವಳು ಹಿಡಿಯುವುದು ಹೀಗೆ.

ಇನ್ನೊಂದು ದಾರಿ ಎಲೆ. ಬಿಸಿಲಿನಲ್ಲಿರುವ ಎಲೆತುಂಬಿದ ಒಂದು ಕೊಂಬೆಗೆ ಪಾರದರ್ಶಕ ಪ್ಲಾಸ್ಟಿಕ್ ಚೀಲ ಹಾಕಿ ಬಾಯಿ ಕಟ್ಟಿ. ಸ್ವಲ್ಪ ಹೊತ್ತಿಗೇ ಚೀಲದ ಒಳಮೈ ಮಂಜುಮಂಜಾಗುತ್ತದೆ, ಮಂಜು ಸೇರಿ ಹನಿಯಾಗುತ್ತದೆ, ಹನಿ ಜಾರಿ ಕೆಳಮೂಲೆಯಲ್ಲಿ ನೀರು ನಿಲ್ಲುತ್ತದೆ. ಆ ನೀರು ಮಣ್ಣಿನ ಆಳದಿಂದ ಬೇರು, ಕಾಂಡ ಹಾದು ಬಂದದ್ದು. ಎಲೆಯ ಅಡಿಭಾಗದಲ್ಲಿ ಹೆಚ್ಚಾಗಿರುವ ಕಣ್ಣಿಗೆ ಕಾಣದ ರಂಧ್ರಗಳಿಂದ ಹೊರಬಂದಿದೆ. ಗಿಡ ಆ ರಂಧ್ರ ತೆರೆಯುವುದು ಇಂಗಾಲದ ಡೈಆಕ್ಸೈಡ್ ಒಳಗೆ ತೆಗೆದುಕೊಳ್ಳಲು, ತೆರೆದಾಗ ಒಳಗಿನ ನೀರು ಹೊರಗೆ ಹೋಗುವುದನ್ನು ತಡೆಯಲಾಗುವುದಿಲ್ಲ. ಬೇರು ಎಳೆದ ನೀರಿನಲ್ಲಿ ಶೇಕಡ 95ಕ್ಕಿಂತ ಜಾಸ್ತಿ ಹೀಗೆ ಹೋಗುತ್ತದೆ, ಗಿಡದ ಮೈಯಲ್ಲಿ ಉಳಿಯುವುದು ಚೂರು. ಮಧ್ಯಾಹ್ನ ಬಿಸಿಲು ವಿಪರೀತವಾದರೆ ಎಷ್ಟೋ ಗಿಡಗಳು ರಂಧ್ರ ಅರೆಮುಚ್ಚಿ ನೀರು ಉಳಿಸಿಕೊಳ್ಳುತ್ತವೆ. ಇನ್ನೂ ಸೋಜಿಗ, ಕೆಲವು ಆಳ ಬೇರಿನ ಗಿಡಗಳು ರಾತ್ರಿ ಹೊತ್ತು ಕೆಳಗಿನ ಹಸಿ ಮಣ್ಣಿನಿಂದ ನೀರೆತ್ತಿ ಮೇಲಿನ ಒಣ ಮಣ್ಣಿಗೆ ಬೇರಿನಿಂದಲೇ ಬಿಡುತ್ತವೆ, ಪಕ್ಕದ ಸಣ್ಣ ಗಿಡಗಳೂ ಅದನ್ನು ಕುಡಿಯುತ್ತವೆ.

ಇಲ್ಲಿ ಒಂದು ಕಹಿ ಮಾತು ಹೇಳಬೇಕು, ಬೈದರೂ ಪರವಾಗಿಲ್ಲ. ಮರ ನೆಟ್ಟರೆ ಅಂತರ್ಜಲ ಏರುತ್ತದೆ ಅನ್ನುವ ಘೋಷಣೆಯನ್ನು ಕಣ್ಣುಮುಚ್ಚಿ ಅಚ್ಚು ಹಾಕಬೇಡಿ. ಮರ ನೀರು ಕುಡಿಯುತ್ತದೆ, ಚೆನ್ನಾಗೇ ಕುಡಿಯುತ್ತದೆ. ಬೇರೆ ಬೇರೆ ದೇಶಗಳ 94 ಜಲಾನಯನಗಳ ಪ್ರಯೋಗಗಳನ್ನು ಒಟ್ಟಿಗೆ ನೋಡಿದ ಒಂದು ಪರಿಶೀಲನೆ 1982ರಲ್ಲಿ ಬಂತು. ಮರ ಕಡಿದ ಕಡೆ ಹಳ್ಳದ ಹರಿವು ಹೆಚ್ಚಿತು, ಮರ ಬೆಳೆಸಿದ ಕಡೆ ಕಡಿಮೆಯಾಯಿತು ಅನ್ನುವುದು ಅದರ ಒಟ್ಟು ಸಾರ. ಹಾಗಂತ ಮರ ಕಡಿಯಿರಿ ಅಂತ ಯಾರೂ ಅರ್ಥ ಮಾಡಿಕೊಳ್ಳಬಾರದು. ಪಶ್ಚಿಮ ಆಫ್ರಿಕಾದ ಬುರ್ಕಿನಾ ಫಾಸೊದಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮರವೇ ಇಲ್ಲದ ಬಯಲಿಗಿಂತಲೂ ಮರ ದಟ್ಟವಾದ ಜಾಗಕ್ಕಿಂತಲೂ, ಅಲ್ಲೊಂದು ಇಲ್ಲೊಂದು ಮರ ಇರುವ ಜಾಗದಲ್ಲೇ ನೀರು ಜಾಸ್ತಿ ಇಂಗಿತ್ತು. ಬಯಲಲ್ಲಿ ಮಣ್ಣು ಬಿಗಿದುಕೊಂಡಿರುತ್ತದೆ, ದಟ್ಟವಾದರೆ ಮರಗಳೇ ಕುಡಿದು ಮುಗಿಸುತ್ತವೆ, ನಡುವಿನ ಸ್ಥಿತಿಯಲ್ಲಿ ಬೇರುಗಳು ಮಣ್ಣು ಸಡಿಲ ಮಾಡಿದ ಲಾಭ ಕುಡಿದ ನಷ್ಟಕ್ಕಿಂತ ಹೆಚ್ಚು. ಮರ ನೆಡಲು ನೂರು ಒಳ್ಳೆಯ ಕಾರಣಗಳಿವೆ. ಸುಳ್ಳು ಕಾರಣ ಯಾಕೆ ಬೇಕು?

ಮೇಲೆ ಹೋದದ್ದು ನಷ್ಟ ಅಂತಲೂ ಬರೆಯಬೇಡಿ ಮತ್ತೆ. ಅಮೆಜಾನ್ ಕಾಡಿನಲ್ಲಿ ಬೀಳುವ ಮಳೆಯಲ್ಲಿ ಕಾಲು ಭಾಗದಿಂದ ಅರ್ಧದವರೆಗೆ ಅದೇ ಕಾಡಿನ ಎಲೆಗಳು ಬಿಟ್ಟ ಆವಿ. ಅಟ್ಲಾಂಟಿಕ್ ಸಮುದ್ರದಿಂದ ಬಂದ ನೀರು ಮಳೆಯಾಗಿ, ಆವಿಯಾಗಿ, ಮತ್ತೆ ಮಳೆಯಾಗಿ ಒಳನಾಡಿಗೆ ಹೆಜ್ಜೆ ಹೆಜ್ಜೆಯಾಗಿ ಸಾಗುತ್ತದೆ. ಒಬ್ಬರ ಗದ್ದೆಯಿಂದ ಏರಿದ್ದು ಇನ್ನೊಬ್ಬರ ಊರಿನ ಮಳೆ. ಭೂಮಿ ಬಿಸಿಯಾದಂತೆ ಈ ಓಡಾಟವೂ ಬದಲಾಗುತ್ತಿದೆ. ಶಾಖ ಒಂದು ಡಿಗ್ರಿ ಏರಿದರೆ ಗಾಳಿಗೆ ಸುಮಾರು ಶೇಕಡ 7ರಷ್ಟು ಜಾಸ್ತಿ ಆವಿ ಹೊರುವ ಶಕ್ತಿ ಬರುತ್ತದೆ. ನೀರು ಸಿಕ್ಕ ಕಡೆ ಹೆಚ್ಚು ಹೊತ್ತು ತಂದು ಒಮ್ಮೆಲೇ ಸುರಿಯುತ್ತದೆ, ಸಿಗದ ಕಡೆ ಮಣ್ಣನ್ನು ಇನ್ನಷ್ಟು ಹೀರುತ್ತದೆ. ನೆರೆ ಮತ್ತು ಬರ ಒಟ್ಟಿಗೇ ಜಾಸ್ತಿಯಾಗುವುದು ಹೇಗೆ ಸಾಧ್ಯ ಅಂತ ಕೇಳುವವರಿಗೆ ಇಷ್ಟು ಸಾಕು.

ಇಷ್ಟೆಲ್ಲ ಕೊರೆದದ್ದು ಒಂದು ಬೇಡಿಕೆ ಇಡುವುದಕ್ಕೆ. ನಿಮ್ಮ ಮಳೆ ಪಟ್ಟಿಯ ಪಕ್ಕದಲ್ಲಿ ಇನ್ನೊಂದು ಕಾಲಂ ಹಾಕಿ, 'ಆವಿಯಾದದ್ದು' ಅಂತ. ಆ ಅಂಕಿ ಎಲ್ಲೂ ಸಿಗದ ವಸ್ತುವಲ್ಲ. ಎಷ್ಟೋ ಹವಾಮಾನ ಕೇಂದ್ರಗಳಲ್ಲಿ ಮರದ ಚೌಕಟ್ಟಿನ ಮೇಲೆ ಸುಮಾರು 120 ಸೆಂ.ಮೀ. ಅಗಲ, 25 ಸೆಂ.ಮೀ. ಆಳದ ಒಂದು ದುಂಡು ಲೋಹದ ತೊಟ್ಟಿ ಇರುತ್ತದೆ. ಒಳಗೆ ನೀರು ತುಂಬಿಸಿ, ದಿನಾ ಬೆಳಿಗ್ಗೆ ಹೊತ್ತಿಗೆ ಸರಿಯಾಗಿ ಒಬ್ಬರು ಬಂದು ಎಷ್ಟು ಇಳಿದಿದೆ ಅಂತ ಅಳೆಯುತ್ತಾರೆ. ಗಾಳಿಗೆ ನೀರು ಅಲುಗದ ಹಾಗೆ ಒಳಗೊಂದು ಸಣ್ಣ ಕೊಳವೆ ಇರುತ್ತದೆ, ಅದರೊಳಗೆ ಮೊನೆ ನೀರಿನ ಮೈಗೆ ಸರಿಯಾಗುವವರೆಗೆ ಅಳತೆಕೋಲನ್ನು ಸರಿಹೊಂದಿಸಿ ಅಂಕಿ ಓದುತ್ತಾರೆ. ಹ್ಯಾಲಿಯ ಬಟ್ಟಲಿನ ಮೊಮ್ಮಗ. ತೊಟ್ಟಿ ಇಲ್ಲದ ಕಡೆ ಶಾಖ, ತೇವಾಂಶ, ಗಾಳಿ, ಬಿಸಿಲು ಈ ನಾಲ್ಕರಿಂದ ಲೆಕ್ಕ ಹಾಕುವ ಸೂತ್ರವಿದೆ. 1948ರಲ್ಲಿ ಪೆನ್‌ಮನ್ ಎಂಬ ವಿಜ್ಞಾನಿ ಕೊಟ್ಟದ್ದು, ಮುಂದೆ ತಿದ್ದುಪಡಿಯಾಗಿ ಇವತ್ತು ಜಗತ್ತಿನೆಲ್ಲೆಡೆ ಬಳಕೆಯಲ್ಲಿದೆ. ಮೇಲ್ಮಣ್ಣಿನ ತೇವವನ್ನು 2015ರಿಂದ ಒಂದು ಉಪಗ್ರಹ ಬಾಹ್ಯಾಕಾಶದಿಂದಲೇ ಅಳೆಯುತ್ತಿದೆ. 2002ರಲ್ಲಿ ಹಾರಿಸಿದ ಅವಳಿ ಉಪಗ್ರಹಗಳು ಗುರುತ್ವದ ಏರುಪೇರು ನೋಡಿ ಅಂತರ್ಜಲ ಎಲ್ಲೆಲ್ಲಿ ಕರಗುತ್ತಿದೆ ಅಂತ ಹೇಳಿದವು.

ಕಾಲಂ ಇದ್ದರೆ ಓದುಗ ಏನು ಮಾಡುತ್ತಾನೆ? ಹತ್ತು ದಿನದಲ್ಲಿ 40 ಮಿ.ಮೀ. ಮಳೆ ಬಂದಿದೆ, ಅದೇ ಹತ್ತು ದಿನದಲ್ಲಿ ಬೆಳೆ ನಿಂತ ಹೊಲ ದಿನಕ್ಕೆ 5ರಂತೆ 50 ಮಿ.ಮೀ. ಕೇಳಿದೆ ಅಂತ ಕೂಡಿ ಕಳೆದು ನೋಡುತ್ತಾನೆ. ಮಳೆ ಚೆನ್ನಾಗಿದೆ ಅನ್ನುವ ಸುದ್ದಿ ಓದಿಯೂ ಮಣ್ಣು ಯಾಕೆ ಬಿರಿಯುತ್ತಿದೆ, ಬಾವಿ ಯಾಕೆ ಏರಲಿಲ್ಲ ಅನ್ನುವುದು ಅವನಿಗೇ ತಿಳಿಯುತ್ತದೆ. ಇವತ್ತು ನೀರು ಹಾಯಿಸಬೇಕೋ ನಾಳೆಯೋ ಅನ್ನುವ ತೀರ್ಮಾನಕ್ಕೂ ಆ ಅಂಕಿ ಬೇಕು.

ಹಾಕುವಾಗ ಎರಡು ಎಚ್ಚರ. ಲೋಹದ ತೊಟ್ಟಿ ಬಿಸಿಲಿಗೆ ಬೇಗ ಕಾಯುವುದರಿಂದ ಅದರಲ್ಲಿ ಇಳಿದಷ್ಟು ನೀರು ಕೆರೆಯಲ್ಲಾಗಲಿ ಹೊಲದಲ್ಲಾಗಲಿ ಇಳಿಯುವುದಿಲ್ಲ. ಸಾಮಾನ್ಯವಾಗಿ 0.7ರಿಂದ ಗುಣಿಸುತ್ತಾರೆ, ಜಾಗಕ್ಕೆ ತಕ್ಕಂತೆ ಅದೂ ಸ್ವಲ್ಪ ಹೆಚ್ಚುಕಡಿಮೆ ಆಗುತ್ತದೆ. ಅದನ್ನು ಪಟ್ಟಿಯ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ಬರೆಯಿರಿ. ಎರಡನೆಯದು, ಮಳೆ ಬಂದ ದಿನ ತೊಟ್ಟಿಗೆ ಬಿದ್ದ ಮಳೆಯನ್ನು ಕಳೆದೇ ಲೆಕ್ಕ ಹಾಕಬೇಕು. ಜಡಿಮಳೆ ಹೊಡೆದ ದಿನವಂತೂ ಹನಿಗಳು ಸಿಡಿದು, ನೀರು ತುಳುಕಿ ಓದಿದ ಅಂಕಿ ನಂಬುವ ಹಾಗೇ ಇರುವುದಿಲ್ಲ. ಅಂಥ ದಿನ ಆ ಕಾಲಂನಲ್ಲಿ ಒಂದು ಅಡ್ಡಗೆರೆ ಎಳೆದುಬಿಡಿ, ಯಾರೂ ಜಗಳಕ್ಕೆ ಬರುವುದಿಲ್ಲ.

ಇಂತಿ,
ನಿಮ್ಮ ಓದುಗ